ಕಲ್ಲು ಕೊರೆದವರ ಉಸಿರು

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಮುಂಬಯಿಯ ನಮ್ಮ ಮನೆಯ ಅಡುಗೆಕಟ್ಟೆಗೆ ಒಂದು ತೂತು ಬೇಕಾಯಿತು. ಸಿಂಕಿನ ಪಕ್ಕದಲ್ಲಿ ಹೊಸ ನಲ್ಲಿ ಕೂರಿಸಲು 35 ಮಿಲಿಮೀಟರ್ ಅಗಲದ ಒಂದು ದುಂಡು ರಂಧ್ರ, ಅಷ್ಟೇ. ಯಂತ್ರ ಹೊತ್ತು ಬಂದ ಹುಡುಗನಿಗೆ ಇಪ್ಪತ್ತೆರಡರ ಮೇಲೆ ವಯಸ್ಸಾಗಿರಲಾರದು. ಅವನು ಕಟ್ಟೆಯ ಮೇಲಿನ ಡಬ್ಬಗಳನ್ನು ಸರಿಸಿದ, ಮುಖಕ್ಕೆ ಒಂದು ಕರವಸ್ತ್ರವನ್ನೂ ಕಟ್ಟಿಕೊಳ್ಳದೆ ಒಣಕಲ್ಲಿನ ಮೇಲೆ ಯಂತ್ರವನ್ನು ಊರಿ ಗುಂಡಿ ಒತ್ತಿದ. ಕಿವಿ ಗಡಚಿಕ್ಕುವ ಸದ್ದಿನೊಡನೆ ಬೂದುಬಿಳಿಯ ಧೂಳು ಹೊಗೆಯಂತೆ ಎದ್ದು ಅವನ ರೆಪ್ಪೆಯ ಮೇಲೂ ಮೀಸೆಯ ಮೇಲೂ ಕೂತಿತು. ನಾನು ಕೈಯೆತ್ತಿ ತಡೆದು, ನೀರು ಹಾಕಿ ಕೊರೆಯಬಾರದೇ ಎಂದು ಕೇಳಿದೆ. ಅವನು ನಕ್ಕ. "ನೀರು ಹಾಕಿದರೆ ರಾಡಿಯಾಗುತ್ತದೆ ಸಾಹೇಬರೆ, ಮನೆಯವರು ಬೈಯುತ್ತಾರೆ. ಧೂಳಾದರೆ ಗುಡಿಸಿದರಾಯಿತು" ಎಂದ.

ರಾಡಿ ಮನೆಯವರ ಕಣ್ಣಿಗೆ ಬೀಳುತ್ತದೆ, ಧೂಳು ಕೆಲಸಗಾರನ ಎದೆಗೆ ಹೋಗುತ್ತದೆ. ಈ ಎರಡರಲ್ಲಿ ಯಾವುದನ್ನು ಆಯ್ದುಕೊಳ್ಳಬೇಕು ಎಂಬ ಪ್ರಶ್ನೆ ನಮ್ಮ ಅಡುಗೆಮನೆಯಲ್ಲಿ ಹುಟ್ಟಿದ್ದಲ್ಲ. ಮನುಷ್ಯನು ಕಗ್ಗಲ್ಲನ್ನು ಕೊರೆಯಲು ಕಲಿತ ಬಗೆಯನ್ನು ಹಿಂದಕ್ಕೆ ಹಿಡಿದು ಹೋದರೆ, ಉಪಕರಣಕ್ಕೆ ಬೇಕಾದ ವಿದ್ಯೆ ಬಹಳ ಬೇಗ ಕೈಗೂಡಿದ್ದೂ ಉಪಕರಣ ಹಿಡಿದವನ ಉಸಿರಿಗೆ ಬೇಕಾದ ವಿವೇಕ ಬಹಳ ತಡವಾಗಿ ಬಂದದ್ದೂ ಕಾಣುತ್ತದೆ.

ಮೊದಲು ಕಲ್ಲಿನ ಮಾತು. ನಮ್ಮ ಕಟ್ಟೆಯ ಹಾಸುಗಲ್ಲು ಇಳಕಲ್ಲಿನ ಕೆಂಪು ಗ್ರಾನೈಟ್. ಪರಸ್ಥಳದಲ್ಲಿರುವ ಕನ್ನಡಿಗರಿಗೆ ಇಳಕಲ್ಲು ಎಂದೊಡನೆ ಸೀರೆ ನೆನಪಾಗುತ್ತದೆ. ಆ ಊರಿನ ಕಲ್ಲೂ ಸೀರೆಯಷ್ಟೇ ದೂರ ಪಯಣಿಸಿದೆ. ಮುಂಬಯಿ ಪುಣೆಗಳ ಸುತ್ತಲಿನ ಕಪ್ಪುಕಲ್ಲು ಜ್ವಾಲಾಮುಖಿಯ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್. ಗ್ರಾನೈಟ್ ಬೇರೆ ಜಾತಿಯದು. ಅದು ನೆಲದಾಳದಲ್ಲಿ ನಿಧಾನವಾಗಿ ತಣಿದು ಹರಳುಗಟ್ಟಿದ ಶಿಲೆ. ರಾಮನಗರದ ಬೆಟ್ಟಗಳ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸು. ಆ ಊರಿನ ಹಳೆಯ ಹೆಸರಿನಿಂದಲೇ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಗ್ರಾನೈಟಿನ ಮೈಯಲ್ಲಿ ಫೆಲ್ಡ್‌ಸ್ಪಾರ್, ಅಭ್ರಕ, ಬೆಣಚು ಎಂಬ ಹರಳುಗಳು ಒಂದಕ್ಕೊಂದು ಹಲ್ಲು ಕಚ್ಚಿ ಕೂತಿರುತ್ತವೆ. ಬೆಣಚು ಎಂದರೆ ಕ್ವಾರ್ಟ್ಜ್, ರಾಸಾಯನಿಕವಾಗಿ ಸಿಲಿಕಾ. ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸ್ 1812ರಲ್ಲಿ ರಚಿಸಿದ ಗಡಸುತನದ ಏಣಿಯಲ್ಲಿ ಫೆಲ್ಡ್‌ಸ್ಪಾರ್ 6ನೆಯ ಮೆಟ್ಟಿಲು, ಬೆಣಚು 7ನೆಯದು, ವಜ್ರ 10ನೆಯದು. ಸಾಮಾನ್ಯ ಉಕ್ಕು ಬೆಣಚಿಗಿಂತ ಕೆಳಗೆ ನಿಲ್ಲುತ್ತದೆ. ಆದ್ದರಿಂದಲೇ ಮರ ಕೊರೆಯುವ ಬೈರಿಗೆಯನ್ನು ಗ್ರಾನೈಟಿನ ಮೇಲೆ ಇಟ್ಟರೆ ಸವೆಯುವುದು ಬೈರಿಗೆಯೇ.

ತನಗಿಂತ ಗಡಸಾದ ಕಲ್ಲನ್ನು ಗೆಲ್ಲಲು ಮನುಷ್ಯ ಎರಡು ದಾರಿ ಕಂಡುಕೊಂಡ. ಒಂದು ಹೊಡೆಯುವುದು, ಇನ್ನೊಂದು ಉಜ್ಜುವುದು.

ಹೊಡೆತದ ದಾರಿ ನಮ್ಮ ನಾಡಿಗೆ ಚಿರಪರಿಚಿತ. ಹೊಡೆತವು ಹರಳನ್ನು ಗೀರುವುದಿಲ್ಲ; ಹರಳುಗಳ ನಡುವಿನ ಹಿಡಿತವನ್ನು ಜಜ್ಜಿ ಬಿಡಿಸುತ್ತದೆ. ಬೇಲೂರು, ಹಳೇಬೀಡುಗಳ ಶಿಲ್ಪಿಗಳು ಬಳಪದ ಕಲ್ಲಿನ ಮೃದುತ್ವವನ್ನು ಬಳಸಿಕೊಂಡು ಮಣಿಸರದ ಮಣಿಯನ್ನೂ ಬಿಡಿಬಿಡಿಯಾಗಿ ಕಡೆದರು. ಶ್ರವಣಬೆಳಗೊಳದಲ್ಲಿ ಅಂಥ ಅನುಕೂಲವಿರಲಿಲ್ಲ. ಸುಮಾರು 981ರಲ್ಲಿ ಚಾವುಂಡರಾಯನು ನಿಲ್ಲಿಸಿದ, 57 ಅಡಿಗಳಷ್ಟು ಎತ್ತರದ ಗೊಮ್ಮಟನು ವಿಂಧ್ಯಗಿರಿಯ ಗ್ರಾನೈಟ್ ಬಂಡೆಯಿಂದಲೇ ಹೊರಬಂದವನು. ಉಳಿಯ ಮೊನೆ ಮತ್ತೆ ಮತ್ತೆ ಮೊಂಡಾಗುವ, ಕುಲುಮೆಯವನು ಮತ್ತೆ ಮತ್ತೆ ಅದನ್ನು ಕಾಸಿ ಹದ ಹಾಕುವ ಕೆಲಸವದು. ಹಂಪಿಗೆ ಹೋದವರು ಗುಡಿಗಳಿಂದ ಕಣ್ಣು ಸರಿಸಿ ಸುತ್ತಲಿನ ಬಂಡೆಗಳನ್ನು ನೋಡಿದರೆ ಅವುಗಳ ಮೇಲೆ ಸಾಲಾಗಿ ಹೊಡೆದ ಆಯತಾಕಾರದ ಗುಳಿಗಳು ಕಾಣಿಸುತ್ತವೆ. ಗುಳಿಗಳಲ್ಲಿ ಬೆಣೆ ಇಟ್ಟು ಒಂದಾದಮೇಲೊಂದನ್ನು ಸಮವಾಗಿ ಬಡಿಯುತ್ತ ಹೋದರೆ ಬಂಡೆ ಆ ಸಾಲಿನುದ್ದಕ್ಕೂ ಸೀಳುತ್ತದೆ. ಕೆಲವು ಬಂಡೆಗಳಲ್ಲಿ ಗುಳಿ ಹೊಡೆದದ್ದಾಗಿದೆ, ಸೀಳುವುದು ಉಳಿದುಹೋಗಿದೆ. ಸಾಮ್ರಾಜ್ಯದ ಲೆಕ್ಕಕ್ಕೆ ಸಿಕ್ಕದ ಕೈಗಳ ಅರ್ಧಕ್ಕೆ ನಿಂತ ದಿನಚರಿ ಅದು.

ಹಳ್ಳಿಯ ಮನೆಗಳಿಗೂ ಈ ವಿದ್ಯೆಯ ನಂಟಿತ್ತು. ಒರಳಿನ ಗುಳಿ, ಬೀಸುವ ಕಲ್ಲಿನ ನಡುವಿನ ತೂತು, ರುಬ್ಬುವ ಕಲ್ಲಿನ ಹೊಟ್ಟೆ, ಇವೆಲ್ಲ ಉಳಿ ಸುತ್ತಿಗೆಗಳಿಂದಲೇ ಆದವು. ಬೀಸುವ ಕಲ್ಲು ನಯವಾಗಿ ಸವೆದಾಗ ಭೋವಿ ಸಮುದಾಯದ ಕಲ್ಲುಕುಟಿಗರು ಬೀದಿಯಲ್ಲಿ ಕೂಗುತ್ತ ಬಂದು, ಅಂಗಳದಲ್ಲಿ ಕೂತು, ಕಲ್ಲಿನ ಮೈಗೆ ಮತ್ತೆ ಮುಳ್ಳು ಹೊಡೆದು ಕೊಡುತ್ತಿದ್ದರು. ಬಾಲ್ಯದಲ್ಲಿ ಆ ಟಕಟಕ ಸದ್ದಿಗೆ ಓಡಿಹೋಗಿ ನಿಂತವರಿಗೆ, ಕಣ್ಣಿಗೆ ಚೂರು ಸಿಡಿದೀತೆಂದು ಹಿರಿಯರು ಹಿಂದಕ್ಕೆಳೆದದ್ದೂ ನೆನಪಿರಬೇಕು. ಕಣ್ಣಿಗೆ ಸಿಡಿಯುವ ಚೂರನ್ನು ಎಲ್ಲರೂ ಬಲ್ಲರು. ಮೂಗಿಗೆ ಹೋಗುವ ಹುಡಿಯ ಬಗ್ಗೆ ಮಾತಾಡಿದ ಹಿರಿಯರು ನನಗಂತೂ ನೆನಪಿಲ್ಲ.

ಬಂಡೆ ಹೊಡೆತವನ್ನು ತಾಳಿಕೊಳ್ಳುತ್ತದೆ. ಎರಡು ಸೆಂಟಿಮೀಟರ್ ದಪ್ಪದ ಹಾಸುಗಲ್ಲು ತಾಳಿಕೊಳ್ಳದು. ಒಂದು ತಪ್ಪು ಪೆಟ್ಟಿಗೆ ಅಂಚಿನಿಂದ ಅಂಚಿಗೆ ಬಿರುಕು ಬಿಡುತ್ತದೆ. ತೆಳುಗಲ್ಲಿಗೆ ಬೇಕಾದದ್ದು ಎರಡನೆಯ ದಾರಿ, ಉಜ್ಜುವ ದಾರಿ.

ಅದರ ಬಹಳ ಹಳೆಯ ಗುರುತುಗಳು ಈಜಿಪ್ಟಿನಲ್ಲಿವೆ. ಬ್ರಿಟನ್ನಿನ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಗೀಜಾದ ಪಿರಮಿಡ್ಡುಗಳನ್ನು ಅಳತೆ ಮಾಡಿ 1883ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೊಳವೆಯಾಕಾರದ ಬೈರಿಗೆಯಿಂದ ಕೊರೆದ ಗ್ರಾನೈಟ್ ತಿರುಳೊಂದನ್ನು ವರ್ಣಿಸಿದ. ಕೊಳವೆಯಿಂದ ಕೊರೆದರೆ ಕಲ್ಲನ್ನೆಲ್ಲ ಪುಡಿ ಮಾಡಬೇಕಾಗಿಲ್ಲ. ಉಂಗುರದಂಥ ಕಾಲುವೆಯೊಂದನ್ನು ಕೊರೆದರೆ ನಡುವಿನ ತಿರುಳು ಇಡಿಯಾಗಿ ಈಚೆ ಬರುತ್ತದೆ. ತಿರುಳಿನ ಮೈಮೇಲಿನ ಗೀರುಗಳನ್ನು ಕಂಡ ಪೆಟ್ರಿ, ಕೊಳವೆಯ ತುದಿಗೆ ರತ್ನದ ಹರಳುಗಳನ್ನು ಕೂರಿಸಿರಬೇಕೆಂದು ಊಹಿಸಿದ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಡೆನಿಸ್ ಸ್ಟಾಕ್ಸ್ ಎಂಬ ಸಂಶೋಧಕ ಪ್ರಾಚೀನರ ಉಪಕರಣಗಳನ್ನು ಮತ್ತೆ ತಯಾರಿಸಿ, ಆಸ್ವಾನಿನ ಗ್ರಾನೈಟಿನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ ಸಂಗತಿ ಬೇರೆ. ಮೆದುವಾದ ತಾಮ್ರದ ಕೊಳವೆ, ಅದನ್ನು ತಿರುಗಿಸಲು ಬಿಲ್ಲು, ಅಡಿಯಲ್ಲಿ ಮರಳು, ಇಷ್ಟು ಸಾಕಾಯಿತು. ಕಲ್ಲನ್ನು ಕೊರೆದದ್ದು ತಾಮ್ರವಲ್ಲ, ಮರಳು. ಮರಳಿನ ಕಣವೂ ಬೆಣಚೇ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ನಮ್ಮ ಗಾದೆಯನ್ನು ನೈಲ್ ತೀರದವರು ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಕಲ್ಲಿನ ಮೇಲೆ ಆಚರಿಸಿದ್ದರು. ಇಲ್ಲೊಂದು ವಿವರವನ್ನು ಮರೆಯುವಂತಿಲ್ಲ: ಸ್ಟಾಕ್ಸ್ ಬಳಸಿದ್ದು ಒಣಮರಳು. ಒಣಮರಳು ಅರೆದು ಅರೆದು ಹಿಟ್ಟಿನಂತಾಗುತ್ತದೆ. ಆ ಹಿಟ್ಟಿನ ಮುಂದೆ ಬಾಗಿ ಬಿಲ್ಲೆಳೆದವರು ಏನನ್ನು ಉಸಿರಾಡಿದರೆಂದು ಯೋಚಿಸಿದರೆ ಫೇರೋಗಳ ಶಿಲಾಪೆಟ್ಟಿಗೆಗಳ ನುಣುಪು ಬೇರೆಯಾಗಿಯೇ ಕಾಣುತ್ತದೆ.

ನಮ್ಮ ಉಪಖಂಡದಲ್ಲೂ ಈ ವಿದ್ಯೆ ಅಷ್ಟೇ ಹಳೆಯದು. ಸಿಂಧೂ ನಾಗರಿಕತೆಯ ಕುಶಲಕರ್ಮಿಗಳು ಕೆಂಪು ಕಾರ್ನೀಲಿಯನ್ನಿನ ನೀಳ ಮಣಿಗಳಿಗೆ ಉದ್ದಕ್ಕೂ ತೂತು ಕೊರೆಯುತ್ತಿದ್ದರು. ಅದೂ ಬೆಣಚಿನ ಕುಲದ ಕಲ್ಲೇ. ಅವರು ಬಳಸಿದ ವಿಶೇಷ ಶಿಲೆಯ ಬೈರಿಗೆಗೆ ಪುರಾತತ್ವಜ್ಞ ಅರ್ನೆಸ್ಟ್ ಮೆಕೆಯ ನೆನಪಿಗೆ ಅರ್ನೆಸ್ಟೈಟ್ ಎಂದು ಹೆಸರಾಗಿದೆ. ಇಂದಿನ ಪ್ರಯೋಗಗಳಲ್ಲಿ ಅದು ಗಂಟೆಗೆ ಸುಮಾರು ಎರಡೂವರೆ ಮಿಲಿಮೀಟರ್ ಮಾತ್ರ ಕೊರೆಯಿತು. ಒಂದು ನೀಳಮಣಿಗೆ ಹಲವು ದಿನಗಳ ದುಡಿಮೆ. ಗುಜರಾತಿನ ಖಂಭಾತಿನಲ್ಲಿ ಮಣಿ ಕೊರೆಯುವ ಕಸುಬು ಇಂದಿಗೂ ಇದೆ. ಅಲ್ಲಿನ ಬಿಲ್ಲುಬೈರಿಗೆಯ ತುದಿಯಲ್ಲಿ ವಜ್ರದ ಪುಟ್ಟ ಚೂರುಗಳಿವೆ, ಕೊರೆಯುವ ಜಾಗಕ್ಕೆ ನೀರು ತೊಟ್ಟಿಕ್ಕುತ್ತಿರುತ್ತದೆ. ಹಾಗಾದರೆ ನೀರಿನ ಗುಟ್ಟು ಅವರಿಗೆ ಗೊತ್ತಿತ್ತು. ಆದರೆ ಆ ನೀರು ವಜ್ರವನ್ನು ತಣಿಸಲು, ತೂತಿನ ಹುಡಿಯನ್ನು ತೊಳೆಯಲು. ಮಣಿಗೆ ಆಕಾರ ಕೊಡುವ, ಸಾಣೆ ಹಿಡಿಯುವ ಕೆಲಸ ಒಣಗಿಯೇ ಸಾಗಿತು. ಖಂಭಾತ್ ಇಂದು ಮಣಿಗಳಷ್ಟೇ ಅಲ್ಲದೆ ಸಾಣೆಗಾರರ ಎದೆರೋಗಕ್ಕೂ ಹೆಸರಾದ ಊರು.

ಮರಳಿಗಿಂತ ಗಡಸಾದ ಕಣ ಸಿಕ್ಕರೆ ಕೆಲಸ ಬೇಗ ಮುಗಿಯುತ್ತದೆ. ಮೋಸ್ ಏಣಿಯ 9ನೆಯ ಮೆಟ್ಟಿಲಿನ ಕುರುಂದವು ಮೈಸೂರು ಸೀಮೆಯಲ್ಲೂ ದೊರೆಯುತ್ತಿತ್ತು. ಇಂಗ್ಲಿಷಿನವರ ಕೊರಂಡಮ್ ಎಂಬ ಪದ ದಕ್ಷಿಣ ಭಾರತದ ನುಡಿಗಳಿಂದಲೇ ಹೋದದ್ದು. ಅದರ ಮೇಲಿನದು ವಜ್ರ. ಹೈದರಾಬಾದಿನಲ್ಲಿರುವ ಓದುಗರಿಗೆ ಹೇಳಬೇಕಾಗಿಲ್ಲ: ಗೋಲ್ಕೊಂಡ ವಜ್ರದ ಪೇಟೆ, ಗಣಿಗಳಿದ್ದದ್ದು ಕೊಲ್ಲೂರಿನಂಥ ಕೃಷ್ಣಾತೀರದ ಊರುಗಳಲ್ಲಿ. 1720ರ ದಶಕದಲ್ಲಿ ಬ್ರೆಜಿಲಿನ ವಜ್ರಗಳು ಮಾರುಕಟ್ಟೆಗೆ ಬರುವವರೆಗೆ ಜಗತ್ತಿನ ವಜ್ರಗಳಲ್ಲಿ ಬಹುಪಾಲು ಭಾರತದ್ದೇ. ಬ್ರೆಜಿಲಿನಲ್ಲಿ ಆಭರಣಕ್ಕೆ ಒದಗದ ಕರಿಯ ವಜ್ರವೂ ಸಿಕ್ಕಿತು. ಜಿನೀವಾದ ಗಡಿಯಾರ ತಯಾರಕ ಜಾರ್ಜ್ ಆಗಸ್ಟ್ ಲೆಶೋ 1860ರ ದಶಕದ ಆರಂಭದಲ್ಲಿ ಅಂಥ ವಜ್ರಗಳನ್ನು ಉಕ್ಕಿನ ಕೊಳವೆಯ ಬಾಯಿಗೆ ಕೂರಿಸಿ ಬಂಡೆ ಕೊರೆಯುವ ಬೈರಿಗೆಯನ್ನು ರೂಪಿಸಿದ. ಪೆಟ್ರಿ ಈಜಿಪ್ಟಿನವರ ಕೈಯಲ್ಲಿ ಊಹಿಸಿಕೊಂಡ ರತ್ನಖಚಿತ ಕೊಳವೆ ಅವನ ಕಾಲಕ್ಕಾಗಲೇ ಯುರೋಪಿನಲ್ಲಿತ್ತು.

ಮುಂದಿನ ಶತಮಾನ ವಜ್ರವನ್ನು ಅಗ್ಗ ಮಾಡಿತು. 1920ರ ದಶಕದಲ್ಲಿ ಜರ್ಮನಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಬಂತು. ವಜ್ರದಂತೆ ಎಂಬ ಅರ್ಥದ ಜರ್ಮನ್ ಪದಗಳನ್ನು ಕುದಿಸಿ ಅದಕ್ಕೆ ವಿಡಿಯಾ ಎಂದು ಹೆಸರಿಟ್ಟರು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಓಡಾಡಿದವರಿಗೆ ಆ ಹೆಸರು ಕಾರ್ಖಾನೆಯ ಫಲಕದಿಂದ ಪರಿಚಿತ. 1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಕೃತಕ ವಜ್ರ ತಯಾರಾಯಿತು. ಒಂದು ಕಾಲಕ್ಕೆ ಸುಲ್ತಾನರ ಬೊಕ್ಕಸದಲ್ಲಿದ್ದ ವಸ್ತುವಿನ ಹುಡಿ ಇಂದು ಮುಂಬಯಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬೈರಿಗೆಯ ಬಾಯಿಗೆ ಅಂಟಿ ದೊರೆಯುತ್ತದೆ. ಉಪಕರಣದ ಕಥೆ ಇಲ್ಲಿಗೆ ಸುಖಾಂತ.

ಉಪಕರಣ ಹಿಡಿದವನ ಕಥೆ ಹಾಗಿಲ್ಲ. ಜರ್ಮನ್ ವಿದ್ವಾಂಸ ಅಗ್ರಿಕೋಲ ತೀರಿಕೊಂಡ ಮರುವರ್ಷ, 1556ರಲ್ಲಿ, ಪ್ರಕಟವಾದ ಅವನ ಗಣಿಗಾರಿಕೆಯ ಗ್ರಂಥದಲ್ಲಿ ಕಾರ್ಪೇಥಿಯನ್ ಪರ್ವತದ ಗಣಿಗಳ ಮಾತು ಬರುತ್ತದೆ. ಗಣಿಧೂಳು ಗಂಡಂದಿರನ್ನು ಒಬ್ಬೊಬ್ಬರನ್ನಾಗಿ ನುಂಗಿದ್ದರಿಂದ ಏಳು ಸಲ ಮದುವೆಯಾದ ಹೆಂಗಸರು ಅಲ್ಲಿದ್ದರೆಂದು ಅವನು ಬರೆದಿದ್ದಾನೆ. ರೋಗದ ಬಗೆ ಸರಳ, ಕ್ರೂರ. ಕೂದಲೆಳೆಯ ಹತ್ತನೆಯ ಒಂದು ಭಾಗಕ್ಕಿಂತಲೂ ಸಣ್ಣದಾದ ಬೆಣಚಿನ ಕಣಗಳು ಮೂಗಿನ ಕೂದಲನ್ನೂ ಗಂಟಲಿನ ತೇವವನ್ನೂ ದಾಟಿ ಶ್ವಾಸಕೋಶದ ತಳ ಸೇರುತ್ತವೆ. ದೇಹದ ಕಾವಲುಕೋಶಗಳು ಅವನ್ನು ನುಂಗುತ್ತವೆ, ಅರಗಿಸಲಾರದೆ ಸಾಯುತ್ತವೆ. ಸತ್ತಲ್ಲಿ ಗಾಯ, ಗಾಯದ ಮೇಲೆ ಗಟ್ಟಿ ಕಲೆ. ಹಿಗ್ಗಿ ಕುಗ್ಗಬೇಕಾದ ಶ್ವಾಸಕೋಶ ನಿಧಾನವಾಗಿ ಬಿಗಿಯುತ್ತದೆ. ಕ್ಷಯ ಬಲುಬೇಗ ಅಂಥ ಎದೆಯನ್ನು ಹೊಕ್ಕು ಕೂರುತ್ತದೆ. ಕೆಲಸ ಬಿಟ್ಟರೂ ಕಲೆ ಬೆಳೆಯುತ್ತ ಹೋಗಬಹುದು, ಮಾಯಿಸುವ ಮದ್ದಿಲ್ಲ. ಇದಕ್ಕೆ ಸಿಲಿಕೋಸಿಸ್ ಎಂಬ ಹೆಸರು ಬಂದದ್ದು 1870ರ ಸುಮಾರಿಗೆ, ಇಟಲಿಯಲ್ಲಿ.

ಹೆಸರು ಬಂದ ಹೊತ್ತಿಗೇ ರೋಗಕ್ಕೆ ರೆಕ್ಕೆಯೂ ಬಂತು. ಆಲ್ಪ್ಸ್ ಪರ್ವತದಡಿಯಲ್ಲಿ 1857ರಿಂದ 1871ರವರೆಗೆ ತೋಡಿದ ಫ್ರೇಜುಸ್ ಸುರಂಗದಲ್ಲಿ ಒತ್ತಿದ ಗಾಳಿಯಿಂದ ನಡೆಯುವ ಬೈರಿಗೆಗಳು ಯಶಸ್ವಿಯಾದವು. ಮನುಷ್ಯನ ತೋಳು ನಿಮಿಷಕ್ಕೆ ಕೆಲವು ಹತ್ತು ಪೆಟ್ಟು ಹೊಡೆದರೆ ಈ ಯಂತ್ರ ನೂರಾರು ಹೊಡೆಯಿತು. ಹುಡಿಯೂ ಅದೇ ಲೆಕ್ಕದಲ್ಲಿ ಏರಿತು. ಅಮೆರಿಕದ ಕೊಲರಾಡೋದ ಜಾರ್ಜ್ ಲೇನರ್ 1890ರ ದಶಕದ ಕೊನೆಯಲ್ಲಿ ಟೊಳ್ಳು ಉಕ್ಕಿನ ಬೈರಿಗೆ ಮಾಡಿ, ತೂತಿನ ಹುಡಿಯನ್ನು ಹೊರಗೆ ತಳ್ಳಲು ಅದರ ಮೂಲಕ ಗಾಳಿ ಊದಿಸಿದ. ಎದ್ದ ಧೂಳನ್ನು ತಾಳಲಾರದೆ ಗಣಿಗಾರರು ಯಂತ್ರವನ್ನೇ ಬೇಡವೆಂದರು. ಆಗ ಲೇನರ್ ಅದೇ ಟೊಳ್ಳಿನಲ್ಲಿ ಗಾಳಿಯ ಜೊತೆಗೆ ನೀರು ಹರಿಸಿದ. ಧೂಳು ಕೆಸರಾಗಿ ಕೆಳಗಿಳಿಯಿತು. ಒಣ ಬೈರಿಗೆಗೆ ಗಣಿಗಾರರು ಇಟ್ಟಿದ್ದ ಅಡ್ಡಹೆಸರಿನ ಅರ್ಥ ವಿಧವೆಯರನ್ನು ಮಾಡುವುದು ಎಂದು.

ಪರಿಹಾರ ಕೈಯಲ್ಲಿತ್ತು. ಆದರೂ ಮೂವತ್ತು ವರ್ಷಗಳ ಬಳಿಕ, 1930ರಲ್ಲಿ, ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್ ಎಂಬಲ್ಲಿ ಜಲವಿದ್ಯುತ್ತಿಗಾಗಿ ಸುರಂಗ ತೋಡತೊಡಗಿದಾಗ ಬೆಣಚು ತುಂಬಿದ ಬಂಡೆಯನ್ನು ಒಣಗಿಯೇ ಕೊರೆಸಿದರು. ನೀರು ಹರಿಸಿದರೆ ಕೆಲಸ ನಿಧಾನವಾಗುತ್ತಿತ್ತು. ಸುರಂಗದೊಳಗೆ ದುಡಿದ ಸುಮಾರು 3000 ಜನರಲ್ಲಿ ಬಹುಪಾಲು ದಕ್ಷಿಣದಿಂದ ಕೂಲಿಗೆ ಬಂದ ಕಪ್ಪುಜನರು. ತಪಾಸಣೆಗೆ ಬರುವ ಮೇಲಿನವರು ಮುಖಗವಸು ಧರಿಸಿರುತ್ತಿದ್ದರೆಂದು ಮುಂದೆ ಸಾಕ್ಷ್ಯ ದೊರೆಯಿತು. 1936ರಲ್ಲಿ ಅಮೆರಿಕದ ಸಂಸತ್ತು ವಿಚಾರಣೆ ನಡೆಸಿತು. ಅರ್ಧ ಶತಮಾನದ ನಂತರ ವೈದ್ಯ ಮಾರ್ಟಿನ್ ಚೆರ್ನಿಯಾಕ್ ದಾಖಲೆಗಳನ್ನು ಜಾಲಾಡಿ, ಸತ್ತವರ ಸಂಖ್ಯೆ ಕಡಿಮೆಯೆಂದರೂ 764 ಎಂದು ಅಂದಾಜು ಮಾಡಿದ.

ಇದನ್ನು ದೂರದ ದೇಶದ ಕಥೆ ಎಂದುಕೊಳ್ಳುವಂತಿಲ್ಲ. 1880ರ ದಶಕದಲ್ಲಿ ಆಧುನಿಕ ಗಣಿಗಾರಿಕೆ ಆರಂಭವಾಗಿ 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕಿಳಿದಿದ್ದವು. ಚಿನ್ನ ಅಡಗಿದ್ದು ಬೆಣಚಿನ ಪದರಗಳಲ್ಲೇ. ಭಾರತದಲ್ಲಿ ಸಿಲಿಕೋಸಿಸ್ ಮೊದಮೊದಲು ವೈದ್ಯರ ದಾಖಲೆಗೆ ಬಂದದ್ದು ಆ ಗಣಿಗಳಿಂದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರಕ್ಕೆ ವಿದ್ಯುತ್ತು ಬಂದ ಸಂಗತಿಯನ್ನು ನಾವು ಹೆಮ್ಮೆಯಿಂದ ಮಕ್ಕಳಿಗೆ ಹೇಳುತ್ತೇವೆ. ಆ ವಿದ್ಯುತ್ತಿನ ಬಲದಲ್ಲಿ ಚಿನ್ನ ತೆಗೆದವರ ಕೆಮ್ಮನ್ನು ಹೇಳುವುದಿಲ್ಲ.

ಸ್ವತಂತ್ರ ಭಾರತ 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ಸಿಲಿಕೋಸಿಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಆದರೆ ನನ್ನ ಅಡುಗೆಮನೆ ಕಾರ್ಖಾನೆಯಲ್ಲ, ಅಲ್ಲಿಗೆ ತಪಾಸಣಾಧಿಕಾರಿ ಬರುವುದಿಲ್ಲ. ನನ್ನ ಕಟ್ಟೆಗೆ ತೂತು ಒಂದೇ; ಆ ಹುಡುಗನಿಗೆ ಅದು ದಿನದ ಮೂರನೆಯದು, ವರ್ಷದ ಎಷ್ಟನೆಯದೋ. ಹಾಸುಗಲ್ಲೂ ಈಗ ಬದಲಾಗುತ್ತಿದೆ. ಗ್ರಾನೈಟ್ ಎಂದು ಮಾರುವ ಚಾಮರಾಜನಗರದ ಕರಿಗಲ್ಲಿನಲ್ಲಿ ಬೆಣಚು ತೀರ ಕಡಿಮೆ. ನಿಜವಾದ ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಕಾಲುಭಾಗ ಅಥವಾ ಅದಕ್ಕೂ ಮಿಕ್ಕಿ. ಕ್ವಾರ್ಟ್ಜ್ ಎಂಬ ಹೆಸರಿನಲ್ಲಿ ಬರುವ, ಅಂಟಿನಲ್ಲಿ ಹುಡಿ ಬೆರೆಸಿ ಎರಕ ಹೊಯ್ದ ಕೃತಕ ಕಲ್ಲುಗಳಲ್ಲಿ ಶೇಕಡಾ 90ನ್ನೂ ದಾಟಬಹುದು. ಆ ಕೃತಕ ಕಲ್ಲನ್ನು ಕತ್ತರಿಸುತ್ತಿದ್ದ ಯುವಕರು ಸಾಲುಸಾಲಾಗಿ ರೋಗಕ್ಕೆ ತುತ್ತಾದ ಮೇಲೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದರ ಬಳಕೆಯನ್ನೇ ನಿಷೇಧಿಸಿತು.

ಅಂದು ಮಧ್ಯಾಹ್ನ ನಾವು ಕೆಲಸವನ್ನು ಮೊದಲಿನಿಂದ ಆರಂಭಿಸಿದೆವು. ತಂತಿಯ ಯಂತ್ರಕ್ಕೂ ನೀರಿಗೂ ಸ್ನೇಹವಿಲ್ಲ; ವಿದ್ಯುತ್ತು ಸೋರಿದೊಡನೆ ಕಡಿದುಹಾಕುವ ಆರ್‌ಸಿಸಿಬಿ ಇಲ್ಲದ ಮನೆಯಲ್ಲಂತೂ ಆ ಸಾಹಸ ಸಲ್ಲದು. ಆದ್ದರಿಂದ ನೆರೆಮನೆಯ ಬ್ಯಾಟರಿ ಯಂತ್ರ ಬಂತು. ಅದರ ಸುತ್ತಿಗೆಯ ಗುಂಡಿಯನ್ನು ಆರಿಸಿದೆವು, ಹೊಡೆತದ ದಾರಿ ತೆಳುಗಲ್ಲಿಗೆ ಆಗದು. ಕಟ್ಟೆಯ ಅಡಿಯಲ್ಲಿ ಪೈಪುಗಳಿಲ್ಲವೆಂದು ನೋಡಿ, ಒಂದು ಹಲಗೆಯನ್ನು ಕಲ್ಲಿಗೆ ಒತ್ತಿ ಆನಿಸಿದೆವು. ತೂತು ಸಿಂಕಿನ ಅಂಚಿಗೆ ತೀರ ಹತ್ತಿರವಾಗದಂತೆ ಗುರುತು ಹಾಕಿದೆವು. ಗುರುತಿನ ಸುತ್ತ ನನ್ನ ಹೆಂಡತಿ ಚಪಾತಿ ಹಿಟ್ಟಿನಿಂದ ಬಳೆಯಂಥ ಒಂದು ಕಟ್ಟೆ ಕಟ್ಟಿ ನೀರು ತುಂಬಿದಳು. ಹುಡುಗ ಎನ್-95 ಮುಖಗವಸು, ಕನ್ನಡಕ ಧರಿಸಿದ. ವಜ್ರದ ಹುಡಿಯ ಕೊಳವೆಯನ್ನು ಮೊದಲು ತುಸು ಓರೆಯಾಗಿಟ್ಟು ಬಾಲಚಂದ್ರನಂಥ ಗೀರು ಮೂಡಿಸಿ, ಆಮೇಲೆ ನೆಟ್ಟಗೆ ಮಾಡಿ, ಭಾರ ಹಾಕದೆ ನಿಧಾನವಾಗಿ ತಿರುಗಿಸಿದ. ನಡುನಡುವೆ ಎತ್ತಿ ಹೊಸನೀರು ಬಿಟ್ಟ. ಕೊನೆಯ ಎರಡು ಮಿಲಿಮೀಟರಿಗೆ ಕೈ ಇನ್ನೂ ಹಗುರ ಮಾಡಿದ. ತಳದ ಚಕ್ಕೆ ಎದ್ದುಹೋಗುವುದು ಆಗಲೇ. ಹದಿನೈದು ನಿಮಿಷ ಹಿಡಿಯಿತು. ರಾಡಿ ಆಗಿತ್ತು, ನಿಜ. ಒಣಗುವ ಮೊದಲೇ ಅದನ್ನು ಒದ್ದೆಬಟ್ಟೆಯಿಂದ ಬಳಿದು ತೆಗೆದೆವು. ಒಣಗಿದ ಮೇಲೆ ಗುಡಿಸಿದರೆ ಅದು ಮತ್ತೆ ಧೂಳೇ.

ಹೊರಡುವಾಗ ಹುಡುಗ ಮುಖಗವಸನ್ನು ಬಿಚ್ಚಿ ನನ್ನ ಕೈಗೆ ಕೊಡಲು ಬಂದ, ಇಟ್ಟುಕೋ ಎಂದೆ. ಮುಂದಿನ ಮನೆಯವರು ರಾಡಿಗೆ ಒಪ್ಪುವರೋ ಇಲ್ಲವೋ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಲ್ಲಿನಿಂದ ಕಳಚಿ ಬಂದ ತಿರುಳು ನನ್ನ ಮೇಜಿನ ಮೇಲಿದೆ. ರೂಪಾಯಿಗಿಂತ ತುಸು ಅಗಲದ ಕೆಂಪು ಬಿಲ್ಲೆ, ಅಂಚಿನಲ್ಲಿ ಸುತ್ತಲೂ ನವಿರಾದ ಗೀರುಗಳು. ಪೆಟ್ರಿ ಗೀಜಾದಿಂದ ಒಯ್ದ ತಿರುಳು ಲಂಡನ್ನಿನ ಅವನ ಹೆಸರಿನ ಸಂಗ್ರಹಾಲಯದಲ್ಲಿದೆ. ಅದನ್ನು ಕೊರೆದವರ ಹೆಸರು ಅಲ್ಲಿಲ್ಲ. ನನ್ನ ಮೇಜಿನ ಬಿಲ್ಲೆಯನ್ನು ಕೊರೆದವನ ಹೆಸರನ್ನು ನಾನೂ ಕೇಳಿಟ್ಟುಕೊಳ್ಳಲಿಲ್ಲ ಎಂಬುದು ಇದನ್ನು ಬರೆಯುವಾಗಲಷ್ಟೇ ಹೊಳೆಯಿತು.